ಬಾಲಿಯ ಹಳ್ಳಿಯಲ್ಲಿ ಮನೆ ಮಾಡುವ ಮುನ್ನ

ಇಂಡೊನೇಷ್ಯಾದ ಬಾಲಿ ದ್ವೀಪದ ಹಳ್ಳಿಯೊಂದರಲ್ಲಿ ನೆಲೆಸಬೇಕೆನ್ನುವ ಮೈಸೂರು, ಮಂಡ್ಯ ಕಡೆಯವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ಅಲ್ಲಿನ 1960ರ ಭೂ ಕಾಯ್ದೆಯಂತೆ ‘ಹಕ್ ಮಿಲಿಕ್’ ಎಂಬ ಪೂರ್ಣ ಒಡೆತನ ವಿದೇಶಿಯರಿಗೆ ಸಿಗುವುದಿಲ್ಲ. ಸ್ಥಳೀಯರೊಬ್ಬರ ಹೆಸರಿನಲ್ಲಿ ಜಮೀನು ಕೊಳ್ಳಿರೆಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಒಪ್ಪಬೇಡಿ; ಅಂಥ ವ್ಯವಹಾರವನ್ನು ಕಾನೂನು ಅಸಿಂಧುವೆನ್ನುತ್ತದೆ, ಕೊಟ್ಟ ಹಣಕ್ಕೂ ರಕ್ಷಣೆಯಿರುವುದಿಲ್ಲ. ಉಳಿಯುವುದು ಎರಡು ದಾರಿ: ದೀರ್ಘಾವಧಿಯ ಗುತ್ತಿಗೆ, ಅಥವಾ ವಾಸದ ಪರವಾನಗಿ ಇದ್ದವರಿಗೆ ಅವಧಿಗೆ ಒಳಪಟ್ಟು ದೊರೆಯುವ ‘ಹಕ್ ಪಾಕಾಯ್’ ಎಂಬ ಬಳಕೆಯ ಹಕ್ಕು.

ನಮ್ಮಲ್ಲಿ ಪಹಣಿ, ಮ್ಯುಟೇಷನ್ ನೋಡದೆ ಮುಂಗಡ ಕೊಡದಿರುವ ಹಾಗೆಯೇ, ಅಲ್ಲಿಯೂ ಜಮೀನಿನ ಪ್ರಮಾಣಪತ್ರವನ್ನು ಭೂ ಕಚೇರಿಯಲ್ಲಿ ತಾಳೆ ನೋಡಿಸಿ, ಕುಟುಂಬದ ಇತರ ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದು, ನೋಟರಿಯ ಮುಂದೆ ಕರಾರು ಮಾಡಿಸಿ. ಗುತ್ತಿಗೆ ನವೀಕರಣದ ದರ ಮತ್ತು ಮನೆಗೆ ಹೋಗುವ ದಾರಿಯ ಹಕ್ಕು ಕರಾರಿನಲ್ಲೇ ಇರಲಿ.

ಕಾಗದಕ್ಕಿಂತ ಹೆಚ್ಚು ಗಮನ ಬೇಡುವುದು ಊರಿನ ಕಟ್ಟುಪಾಡು. ಗದ್ದೆಯ ನೀರನ್ನು ರೈತರೇ ಕೂಡಿ ಹಂಚುವ ‘ಸುಬಾಕ್’ ಪದ್ಧತಿ 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಕಾಲುವೆಗೆ ಅಡ್ಡವಾಗಿ ಗೋಡೆ ಕಟ್ಟಿದರೆ ಕೆಳಗಿನ ಗದ್ದೆಗಳೆಲ್ಲ ಒಣಗುತ್ತವೆ. ವಿಶ್ವೇಶ್ವರಯ್ಯ ನಾಲೆಯ ಸರದಿ ನೀರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ಬಂಜಾರ್’ ಎಂಬ ನೆರೆಹೊರೆಯ ಸಭೆಯ ಮುಖ್ಯಸ್ಥರನ್ನು ಕರಾರಿಗೆ ಮೊದಲೇ ಕಂಡು, ಕೊಡಬೇಕಾದ ವಂತಿಗೆಯನ್ನೂ, ಯಾರೂ ಹೊರಗೆ ಬಾರದೆ, ದೀಪ ಹಚ್ಚದೆ ಆಚರಿಸುವ ‘ನ್ಯೆಪಿ’ ದಿನದ ನಿಯಮಗಳನ್ನೂ ಕೇಳಿ ತಿಳಿದುಕೊಳ್ಳಿ.