ಜಾತ್ರೆಯಲ್ಲೂ ನಿಲ್ಲದ ಹಾಗೆ: ಹಳೆ ಲ್ಯಾಪ್‌ಟಾಪ್‌ನಲ್ಲಿ ಗಿಲ್ಡ್ ವಾರ್ಸ್ 2

ನನ್ನದು ಅಕ್ಕ ಆಡಿ ಬಿಟ್ಟ ಲ್ಯಾಪ್‌ಟಾಪ್. ಐ5-8250ಯು ಪ್ರೊಸೆಸರ್, 8 ಜಿಬಿ ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಒಳಗೇ ಇರುವ ಇಂಟೆಲ್ ಯುಎಚ್‌ಡಿ 620 ಅಷ್ಟೇ. ಮಂಗಳೂರಿನ ಒಂದು ಅಂಗಡಿಗೆ ತೋರಿಸಲು ಒಯ್ದರೆ, ಮುಚ್ಚಳ ತೆರೆದೂ ನೋಡದೆ "ಇದರಲ್ಲಿ ಗೇಮ್ ಎಲ್ಲ ಆಗುವುದಿಲ್ಲ ಮಾರಾಯ್ರೆ, ಹೊಸದು ತೆಗೊಳ್ಳಿ" ಅಂದರು. ಹೊಸದಕ್ಕೆ ದುಡ್ಡು ಯಾರು ಕೊಡುತ್ತಾರೆ? ಮನೆಗೆ ತಂದು ನಾನೇ ಕುಳಿತು ಸರಿ ಮಾಡಿಕೊಂಡೆ. ಈಗ ದಿನಾ ರಾತ್ರಿ ಅದರಲ್ಲೇ ಗಿಲ್ಡ್ ವಾರ್ಸ್ 2 ಆಡುತ್ತೇನೆ, ನೆಟ್ಟಿನಲ್ಲಿ ತುಂಬಾ ಜನ ಒಟ್ಟಿಗೆ ಆಡುವ ಗೇಮ್ ಅದು. ಉಡುಪಿಯಲ್ಲಿರುವ ಚಿಕ್ಕಮ್ಮನ ಮಗನೂ ಅಂಥದ್ದೇ ಲ್ಯಾಪ್‌ಟಾಪ್ ಹಿಡಿದುಕೊಂಡು "ಅಣ್ಣ, ಎಂತ ಮಾಡಿದೆ ಹೇಳು" ಅಂತ ಗಂಟುಬಿದ್ದ. ಅವನಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಗೇಮ್ ಬಂದದ್ದು 2012ರ ಆಗಸ್ಟಿನಲ್ಲಿ. ತಿಂಗಳ ಚಂದಾ ಇಲ್ಲ, 2015ರಿಂದ ಮೂಲ ಭಾಗ ಪುಕ್ಕಟೆ. ಗೇಮ್ ಮಾರುವ ಸ್ಟೀಮ್‌ ಅಂಗಡಿಯಲ್ಲೂ ಉಂಟು, ಆದರೆ ಕಂಪನಿಯ ಸೈಟಿನಲ್ಲಿ ಮಾಡಿದ ಅಕೌಂಟನ್ನು ಆಮೇಲೆ ಸ್ಟೀಮ್‌ಗೆ ಜೋಡಿಸಲು ಆಗುವುದಿಲ್ಲ. ಎಲ್ಲಿಂದ ಶುರು ಮಾಡುವುದು ಅಂತ ಮೊದಲೇ ಯೋಚಿಸಿ.

ಎಲ್ಲರೂ ಮಾಡುವ ತಪ್ಪು ಒಂದುಂಟು. ಊರ ಹೊರಗೆ ಖಾಲಿ ಬಯಲಲ್ಲಿ ನಿಂತು ಸೆಟ್ಟಿಂಗ್ ಸರಿ ಮಾಡುತ್ತಾರೆ. 50 ಎಫ್‌ಪಿಎಸ್ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಲೆಕ್ಕ) ಬಂತು ಅಂತ ಖುಷಿಯಾಗುತ್ತಾರೆ. ಉಡುಪಿ ರಥಬೀದಿಯಲ್ಲಿ ಮಾಮೂಲಿ ಮಂಗಳವಾರ ಸ್ಕೂಟರ್ ಓಡಿಸಿ ನೋಡಿ, ಜನ ತುಂಬುವ ಪರ್ಯಾಯ ಉತ್ಸವದ ರಾತ್ರಿಯೂ ಹೀಗೇ ಹೋಗಬಹುದು ಅಂದುಕೊಂಡ ಹಾಗೆ ಇದು. ಈ ಗೇಮಿನಲ್ಲಿ ಜಾತ್ರೆ ಅಂದರೆ ವರ್ಲ್ಡ್ ಬಾಸ್, ಎಲ್ಲರೂ ಸೇರಿ ಹೊಡೆಯಬೇಕಾದ ದೊಡ್ಡ ರಾಕ್ಷಸ. ಹೊಸಬರಿಗೂ ಕೈಗೆಟಕುವ ಜಾಗ ಕ್ವೀನ್ಸ್‌ಡೇಲ್. ಅಲ್ಲಿ ಶ್ಯಾಡೋ ಬೆಹೆಮತ್ ಎರಡು ಗಂಟೆಗೊಮ್ಮೆ ಏಳುತ್ತಾನೆ, ನಮ್ಮ ಗಡಿಯಾರದಲ್ಲಿ ಸಂಜೆ 7:15, ರಾತ್ರಿ 9:15, ಹಾಗೆ. ಹತ್ತಾರು ಜನ ಒಂದೇ ಜೌಗಿನಲ್ಲಿ ಸೇರಿ ಬೆಂಕಿ, ಮಿಂಚು, ಎಲುಬುಗೂಡು ಎಲ್ಲ ಒಟ್ಟಿಗೆ ಎಸೆಯುತ್ತಾರೆ. ನಿಮ್ಮ ಪರೀಕ್ಷೆ ಅಲ್ಲಿ ಆಗಬೇಕು. ಎಫ್ 11 ಒತ್ತಿದರೆ ಆಪ್ಷನ್ಸ್ ಕಿಟಕಿ ತೆರೆಯುತ್ತದೆ, ಎಫ್‌ಪಿಎಸ್ ಅದರಲ್ಲೇ ಕೆಳಗೆ ಕಾಣುತ್ತದೆ. ಅಲ್ಲಿ 25ರಿಂದ 30 ನಿಂತರೆ ಬೇರೆಲ್ಲಾ ಕಡೆ ಚಿಂತೆ ಇಲ್ಲ.

ಗ್ರಾಫಿಕ್ಸ್ ಪುಟದಲ್ಲಿ ಮೊದಲು ಬೆಸ್ಟ್ ಪರ್ಫಾರ್ಮೆನ್ಸ್ ಆರಿಸಿ. ಚಂದ ಏನೂ ಕಾಣುವುದಿಲ್ಲ, ಪರವಾಗಿಲ್ಲ. ಅಲ್ಲಿಂದ ಒಂದೊಂದೇ ಮೇಲೆ ಏರಿಸುವುದು ಸುಲಭ. ಮೇಲಿಂದ ಕೆಳಗೆ ಇಳಿಸುತ್ತಾ ಬಂದರೆ ಯಾವುದು ಕೈ ಕೊಟ್ಟಿತು ಅಂತ ಗೊತ್ತೇ ಆಗುವುದಿಲ್ಲ. ಗುಂಪಿನಲ್ಲಿ ಜೀವ ಉಳಿಸುವುದು ಎರಡು ಸಾಲು: ಕ್ಯಾರೆಕ್ಟರ್ ಮಾಡೆಲ್ ಲಿಮಿಟ್ ಮತ್ತು ಕ್ಯಾರೆಕ್ಟರ್ ಮಾಡೆಲ್ ಕ್ವಾಲಿಟಿ. ಸುತ್ತ ಎಷ್ಟು ಆಟಗಾರರನ್ನು ಬಿಡಿಸಬೇಕು, ಎಷ್ಟು ನುಣುಪಾಗಿ ಬಿಡಿಸಬೇಕು ಅನ್ನುವ ಲೆಕ್ಕ ಅವು. ಎರಡನ್ನೂ ಲೋಯೆಸ್ಟ್‌ಗೆ ಹಾಕಿ. ದೂರದವರ ಹೆಸರು ಮಾತ್ರ ಗಾಳಿಯಲ್ಲಿ ತೇಲುತ್ತದೆ, ಆಳು ಕಾಣುವುದಿಲ್ಲ, ಸ್ವಲ್ಪ ಭೂತದ ಹಾಗೆ. ಅಭ್ಯಾಸವಾಗುತ್ತದೆ. ಇದು ಗ್ರಾಫಿಕ್ಸ್‌ಗಿಂತ ಜಾಸ್ತಿ ಪ್ರೊಸೆಸರ್‌ನ ಭಾರ ಇಳಿಸುತ್ತದೆ. ಗುಂಪು ಸೇರಿದಾಗ ಮೊದಲು ಸುಸ್ತಾಗುವುದೂ ಪ್ರೊಸೆಸರೇ.

ಶ್ಯಾಡೋಸ್ (ನೆರಳು) ಮತ್ತು ರಿಫ್ಲೆಕ್ಷನ್ಸ್ (ಪ್ರತಿಬಿಂಬ) ಎರಡನ್ನೂ 'ನನ್' ಅಂದರೆ ಏನೂ ಬೇಡ ಅನ್ನುವುದಕ್ಕೆ ಹಾಕಿ. ನೀರಲ್ಲಿ ಆಕಾಶ ಕಾಣಲಿಲ್ಲ ಅಂತ ಬೇಜಾರಾದರೆ ಬೀಚಿಗೆ ಹೋಗಿ ಬನ್ನಿ. ಎಫೆಕ್ಟ್ ಎಲ್‌ಒಡಿ ಆನ್ ಇರಲಿ, ಬೇರೆಯವರ ಮಂತ್ರಗಳ ಝಗಮಗ ಕಡಿಮೆಯಾಗುತ್ತದೆ. ಟೆಕ್ಸ್ಚರ್ಸ್ (ವಸ್ತುಗಳ ಮೈಮೇಲಿನ ಚಿತ್ರ) ಮಾತ್ರ ಮೀಡಿಯಂ ಇಟ್ಟು ನೋಡಿ, ನನ್ನ ಲ್ಯಾಪ್‌ಟಾಪ್‌ನಲ್ಲಿ ಅದರಿಂದ ವ್ಯತ್ಯಾಸವೇ ಆಗಲಿಲ್ಲ.

ರೆಂಡರ್ ಸ್ಯಾಂಪ್ಲಿಂಗ್ ಅಂತ ಒಂದಿದೆ. ಅದರಲ್ಲಿ ಸಬ್‌ಸ್ಯಾಂಪಲ್ ಹಾಕಿದರೆ ಲೋಕವನ್ನು ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ, ಅಕ್ಷರ ಮತ್ತು ಬಟನ್‌ಗಳನ್ನು ಮಾತ್ರ ಸ್ಪಷ್ಟವಾಗಿ ಇಡುತ್ತದೆ. 1366×768 ಪರದೆ ಇದ್ದವರು ಇದನ್ನು ಮುಟ್ಟಬೇಡಿ, ಮಳೆಗಾಲದಲ್ಲಿ ವೈಪರ್ ಇಲ್ಲದ ಗಾಜಿನಿಂದ ನೋಡಿದ ಹಾಗಿರುತ್ತದೆ. 1920×1080 ಪರದೆಯವರು ಬೇಕಾದರೆ ಫುಲ್‌ಸ್ಕ್ರೀನ್ ಮೋಡ್‌ಗೆ ಹೋಗಿ 1280×720 ಇಟ್ಟುಕೊಳ್ಳಿ. 20.7 ಲಕ್ಷ ಚುಕ್ಕಿ ಬಿಡಿಸುವ ಕಡೆ 9.2 ಲಕ್ಷ ಬಿಡಿಸಿದರೆ ಸಾಕು, ಅರ್ಧಕ್ಕಿಂತ ಜಾಸ್ತಿ ಉಳಿತಾಯ. ವಿಂಡೋಡ್ ಫುಲ್‌ಸ್ಕ್ರೀನ್‌ನಲ್ಲಿ ಮಾತ್ರ ಇದು ನಡೆಯುವುದಿಲ್ಲ, ಅದು ಡೆಸ್ಕ್‌ಟಾಪ್‌ನ ಅಳತೆಯನ್ನೇ ಹಿಡಿಯುತ್ತದೆ.

ಇಷ್ಟು ಮಾಡಿಯೂ ನನಗೆ ಬೆಹೆಮತ್ ಎದುರು 14 ಎಫ್‌ಪಿಎಸ್ ಬರುತ್ತಿತ್ತು. ನಿಜವಾದ ಮದ್ದು ಸೆಟ್ಟಿಂಗ್ ಪುಟದಲ್ಲಿ ಇರಲೇ ಇಲ್ಲ.

ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಲಾಟ್ಸ್ ಯೂಸ್ಡ್ ಅಂತ ಇರುತ್ತದೆ. ನನ್ನದರಲ್ಲಿ 2ರಲ್ಲಿ 1 ಅಂತ ಇತ್ತು. ಇಲ್ಲೇ ಇದ್ದದ್ದು ಸಂಗತಿ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಪ್ರೊಸೆಸರ್ ಕುಡಿಯುವ ಕೊಡದಿಂದಲೇ ಅದೂ ಕುಡಿಯಬೇಕು. ಡಿಡಿಆರ್4-2400 ರ‍್ಯಾಮ್ ಒಂದೇ ಕಡ್ಡಿ ಇದ್ದರೆ ಸೆಕೆಂಡಿಗೆ ಹೆಚ್ಚೆಂದರೆ 19.2 ಜಿಬಿ ಹರಿಯುತ್ತದೆ. ಎರಡು ಕಡ್ಡಿ ಹಾಕಿದರೆ 38.4. ನಾನು ಅದೇ ವೇಗದ ಇನ್ನೊಂದು 8 ಜಿಬಿ ಕಡ್ಡಿ ತಂದು ಹಾಕಿದೆ. ಕೆಳಗಿನ ಮುಚ್ಚಳದ ಸ್ಕ್ರೂ ತೆಗೆದು, ಬ್ಯಾಟರಿ ವಯರ್ ಬಿಡಿಸಿ, ಕಡ್ಡಿಯನ್ನು ಓರೆಯಾಗಿ ಸೇರಿಸಿ ಮೆಲ್ಲಗೆ ಒತ್ತಿದರೆ ಎರಡೂ ಬದಿಯ ಕ್ಲಿಪ್ ಟಿಕ್ ಅನ್ನುತ್ತದೆ, ಅಷ್ಟೇ ಕೆಲಸ. ಅವತ್ತು ರಾತ್ರಿ 9:15ಕ್ಕೆ 14 ಇದ್ದದ್ದು 22 ಆಯಿತು. ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆದ್ದರಿಂದ ದುಡ್ಡು ಕೊಡುವ ಮೊದಲು ಒಳಗೆ ಖಾಲಿ ಸ್ಲಾಟ್ ಇದೆಯಾ ನೋಡಿ.

ಮುಚ್ಚಳ ತೆಗೆದದ್ದು ಇನ್ನೊಂದಕ್ಕೂ ಒಳ್ಳೆಯದಾಯಿತು. ಫ್ಯಾನ್ ಪಕ್ಕದ ತಾಮ್ರದ ರೆಕ್ಕೆಗಳ ಮೇಲೆ ಹಳೆ ಹಾಸಿಗೆಯ ಹತ್ತಿಯ ಹಾಗೆ ಧೂಳು ಗಟ್ಟಿಯಾಗಿ ಕೂತಿತ್ತು. ನಮ್ಮ ಕರಾವಳಿಯ ಗಾಳಿ ಗೊತ್ತಲ್ಲ, ತೇವಕ್ಕೆ ಧೂಳು ಅಂಟಿಕೊಂಡು ಬಿಡುತ್ತದೆ. ಬ್ರಷ್‌ನಿಂದ ಬಿಡಿಸಿದೆ, ಪ್ರೊಸೆಸರ್‌ನ ಬಿಸಿ ಹೊರಗೆ ಸಾಗಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ. ನಿಮ್ಮದರಲ್ಲೂ ಇದೇ ತೊಂದರೆಯಾ ಅಂತ ತಿಳಿಯಲು ಗೇಮ್ ಆಡುತ್ತಾ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಸ್ಪೀಡ್ ನೋಡಿ. ಶುರುವಿಗೆ 3 ಗಿಗಾಹರ್ಟ್ಸ್ ಆಸುಪಾಸು ಇದ್ದದ್ದು ಹತ್ತು ನಿಮಿಷದಲ್ಲಿ 1.5ಕ್ಕೆ ಇಳಿದರೆ ಬಿಸಿಯೇ ಕಾರಣ. ನಾನು ಲ್ಯಾಪ್‌ಟಾಪ್‌ನ ಹಿಂದಿನ ಎರಡು ಮೂಲೆಗೆ ಸೋಡಾ ಬಾಟಲಿಯ ಮುಚ್ಚಳ ಕೊಟ್ಟಿದ್ದೇನೆ. ಅಡಿಯಲ್ಲಿ ಗಾಳಿ ಆಡುತ್ತದೆ, ಕೂಲಿಂಗ್ ಪ್ಯಾಡಿಗೆ ದುಡ್ಡು ಬೇಡ. ಮಂಚದ ಮೇಲೆ ಇಟ್ಟು ಆಡಬೇಡಿ, ಏಪ್ರಿಲ್ ಮೇ ಸೆಖೆಯಲ್ಲಂತೂ ಬೇಡವೇ ಬೇಡ. ಇಷ್ಟಾದ ಮೇಲೆ ಬೆಹೆಮತ್ ಎದುರು ಈಗ 28 ನಿಲ್ಲುತ್ತದೆ.

ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರನ್ನು 99 ಶೇಕಡಕ್ಕೆ ಇಳಿಸಿ, ತಣ್ಣಗಿರುತ್ತದೆ ಅಂತ ಕೆಲವರು ಹೇಳುತ್ತಾರೆ. ತಣ್ಣಗಿರುತ್ತದೆ, ನಿಜ. ಯಾಕೆಂದರೆ ಬೇಕಾದಾಗ ವೇಗ ಏರಿಸುವ ಟರ್ಬೋ ನಿಂತು ನನ್ನ ಪ್ರೊಸೆಸರ್ 3.4ರ ತನಕ ಏರುವ ಬದಲು 1.6ರ ಹತ್ತಿರವೇ ಕೂರುತ್ತದೆ. ಗುಂಪಿನಲ್ಲಿ ಪ್ರೊಸೆಸರೇ ಬೇಕಾದ ಗೇಮಿಗೆ ಇದು ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಹಾಗೆಯೇ ಡೈರೆಕ್ಟ್‌ಎಕ್ಸ್ (ಗೇಮ್ ಗ್ರಾಫಿಕ್ಸ್ ಜೊತೆ ಮಾತಾಡುವ ವಿಂಡೋಸ್ ವ್ಯವಸ್ಥೆ) 9 ಅನ್ನು 12ಕ್ಕೆ ತಿರುಗಿಸುವ ಫೈಲ್ ಹಾಕಿ ಅನ್ನುವ ಹಳೆ ಸಲಹೆಯನ್ನೂ ಬಿಟ್ಟುಬಿಡಿ. 2021ರಲ್ಲಿ ಗೇಮಿಗೇ ಡೈರೆಕ್ಟ್‌ಎಕ್ಸ್ 11 ಬಂತು, ಆ ಸರ್ಕಸ್ ಈಗ ಬೇಡ.

ಸಣ್ಣ ಎನ್ವಿಡಿಯಾ ಕಾರ್ಡ್, ಎಂಎಕ್ಸ್130 ತರಹದ್ದು, ಇರುವವರು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನ ಗ್ರಾಫಿಕ್ಸ್ ಪುಟದಲ್ಲಿ ಗೇಮನ್ನು ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಇಲ್ಲದಿದ್ದರೆ ಕಾರ್ಡ್ ಸುಮ್ನೆ ಮಲಗಿರುತ್ತದೆ, ಒಳಗಿನ ಬಡಪಾಯಿ ಇಂಟೆಲ್ ಬೆವರು ಸುರಿಸುತ್ತಿರುತ್ತದೆ.

ಗೇಮ್ ಪೂರ್ತಿ ಇಳಿಯುವ ಮೊದಲೇ ಪ್ಲೇ ಬಟನ್ ಹತ್ತುತ್ತದೆ, ಆದರೆ ಉಳಿದದ್ದು ಆಡುವಾಗ ಇಳಿಯುತ್ತಾ ಎಲ್ಲವೂ ತಡವರಿಸುತ್ತದೆ. ಒಂದು ರಾತ್ರಿ ಬಿಟ್ಟು ಇಳಿಸಿಕೊಳ್ಳಿ. ಸರ್ವರ್ ಯುರೋಪ್ ಆರಿಸಿ, ಅಮೆರಿಕಕ್ಕಿಂತ ನಮಗೆ ಅದೇ ಹತ್ತಿರ. ನಿಮ್ಮ ಆಳು ನುಣ್ಣಗೆ ಓಡುತ್ತಾ ಏಟು ಮಾತ್ರ ತಡವಾಗಿ ಬಿದ್ದರೆ ಅದು ನೆಟ್ಟಿನ ತೊಂದರೆ, ಅದಕ್ಕೆ ಯಾವ ಗ್ರಾಫಿಕ್ಸ್ ಸೆಟ್ಟಿಂಗೂ ಮದ್ದಲ್ಲ. ಪರದೆಯೇ ತಡೆ ತಡೆದು ಬಂದರೆ ಮಾತ್ರ ಇಲ್ಲಿ ಹೇಳಿದ್ದೆಲ್ಲ ಉಪಯೋಗ.

ಕೊನೆಗೆ ಮಳೆಗಾಲದ ವಿಷಯ. ಗುಡುಗು ಶುರುವಾದರೆ ಚಾರ್ಜರ್ ಮತ್ತು ನೆಟ್ ಕೇಬಲ್ ಎರಡನ್ನೂ ಕಿತ್ತುಬಿಡಿ, ಪಕ್ಕದ ಮನೆಯ ರೂಟರ್ ಸಿಡಿಲಿಗೆ ಸುಟ್ಟದ್ದನ್ನು ನಾನೇ ನೋಡಿದ್ದೇನೆ. ಆಮೇಲೆ ಫೋನಿನ ಹಾಟ್‌ಸ್ಪಾಟ್ ಹಾಕಿ, ಎಫ್‌ಪಿಎಸ್‌ಗೆ ಮಿತಿ ಹಾಕುವ ಫ್ರೇಮ್ ಲಿಮಿಟರ್ 30ಕ್ಕೆ ಇಟ್ಟರೆ ಬ್ಯಾಟರಿ ಬೇಗ ಇಳಿಯುವುದಿಲ್ಲ. ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ತಾನಾಗಿ ವೇಗ ತಗ್ಗಿಸುತ್ತದೆ, ಹಾಗಾಗಿ 9:15ರ ಬೆಹೆಮತ್‌ಗೆ ಹೋಗಬೇಡಿ. ಹೋಗಿ ಸೊಪ್ಪು ಕಿತ್ತು, ಅದಿರು ಅಗೆದು, ಬ್ಯಾಗ್ ತುಂಬಿಸಿಕೊಳ್ಳಿ. 11:15ಕ್ಕೆ ಅವನು ಮತ್ತೆ ಏಳುತ್ತಾನೆ.