ಕ್ರೇನ್ ಬರುವ ಐದು ತಿಂಗಳ ಮೊದಲು

ಬೆಂಗಳೂರಿನ ಉತ್ತರದ ಅಂಚಿನಲ್ಲಿ ರಸ್ತೆ ಅಗಲವಾದಾಗ ನಾವು ಎತ್ತಿ ಬೇರೆಡೆ ನೆಟ್ಟ ಸುಮಾರು 40 ಮರಗಳ ಪೈಕಿ 30ಕ್ಕೂ ಹೆಚ್ಚು ಮರಗಳು ಈ ವರ್ಷ ಎರಡನೆಯ ಬೇಸಿಗೆಯನ್ನು ದಾಟಿವೆ. ಈ ಕೆಲಸದಲ್ಲಿರುವವರಿಗೆ ಎರಡನೆಯ ಬೇಸಿಗೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ನೆಟ್ಟ ತಿಂಗಳೊಪ್ಪತ್ತಿನಲ್ಲಿ ಚಿಗುರು ಕಂಡೊಡನೆ ಫೋಟೊ ತೆಗೆದು ಬಿಲ್ಲಿಗೆ ಲಗತ್ತಿಸುವುದು ನಮ್ಮಲ್ಲಿ ರೂಢಿಯಾಗಿದೆ. ಕಾಂಡದಲ್ಲಿ ಉಳಿದಿದ್ದ ಸತ್ವದಿಂದಲೇ ಬರುವ ಆ ಚಿಗುರು ಹೊಸ ಬೇರು ಹಿಡಿಯದಿದ್ದರೆ ಮರುವರ್ಷ ಒಣಗುತ್ತದೆ, ಅಷ್ಟರಲ್ಲಿ ಬಿಲ್ಲು ಪಾಸಾಗಿರುತ್ತದೆ. ನಾನೂ ಮೊದಲು ಮಾಡಿದ್ದು ಎಲ್ಲರಂತೆ ಒಂದೇ ದಿನದಲ್ಲಿ ಜೆಸಿಬಿಯಿಂದ ಅಗೆದು, ಕ್ರೇನಿನಿಂದ ಎತ್ತಿ ನೆಡುವ ಕೆಲಸವನ್ನೇ. ಆಗ ಹತ್ತರಲ್ಲಿ ಮೂರೋ ನಾಲ್ಕೋ ಉಳಿಯುತ್ತಿದ್ದವು.

ಈ 40 ಮರಗಳ ಕೆಲಸದಲ್ಲಿ ಸಂಕ್ರಾಂತಿಯ ಸುಮಾರಿಗೆ ಮರದ ಸುತ್ತ ಅರ್ಧ ವೃತ್ತದಷ್ಟು ಮಾತ್ರ ಕಂದಕ ತೋಡಿ, ಬೇರುಗಳನ್ನು ಗರಗಸದಿಂದ ನುಣುಪಾಗಿ ಕೊಯ್ದು, ಸಡಿಲ ಮಿಶ್ರಣ ತುಂಬಿ ನೀರು ಕೊಡುತ್ತ ಬಂದೆವು. ಯುಗಾದಿ ದಾಟಿದ ಮೇಲೆ ಉಳಿದರ್ಧವನ್ನು ತೋಡಿದೆವು. ಜೂನ್ ತಿಂಗಳ ಮೃಗಶಿರ ಮಳೆ ಹಿಡಿದ ಮೇಲೆಯೇ ಕ್ರೇನ್ ಕರೆಸಿದ್ದು. ಮೇ ಕೊನೆಯಲ್ಲಿ ಒಂದು ಅರಳಿಯ ಮೊದಲ ಕಂದಕವನ್ನು ಕೈಯಿಂದ ಕೆದಕಿದಾಗ ಕೊಯ್ದ ಬೇರಿನ ತುದಿಯ ಸುತ್ತಲೂ ಶಾವಿಗೆಯಂತೆ ಬಿಳಿ ಬೇರುಗಳು ಒತ್ತಾಗಿ ಹೊರಟು, ಅಲ್ಲಿ ಹೊದಿಸಿದ್ದ ಗೋಣಿಚೀಲದ ನೇಯ್ಗೆಯೊಳಗೂ ನುಗ್ಗಿದ್ದವು. ಐದು ತಿಂಗಳು ಕಾಯುವಷ್ಟರಲ್ಲಿ ರಸ್ತೆಯೇ ಮುಗಿದಿರುತ್ತದೆ ಎಂದು ನಕ್ಕಿದ್ದ ಗುತ್ತಿಗೆದಾರರನ್ನು ಅಂದು ಸ್ಥಳಕ್ಕೇ ಕರೆದು ತೋರಿಸಿದೆ.

ಕಂದಕಕ್ಕೆ ತುಂಬಿದ ಮಿಶ್ರಣದಲ್ಲಿ ಮರಳು, ಎಲೆಗೊಬ್ಬರ, ಸ್ವಲ್ಪ ಇದ್ದಿಲು ಇವೆ ಎಂಬಷ್ಟನ್ನು ಹೇಳಬಲ್ಲೆ. ನಾಲ್ಕನೆಯದೊಂದು ಇದೆ; ಅದು ನನ್ನ ಹೊಟ್ಟೆಪಾಡಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಮರ ಎತ್ತುವಾಗ ಕಾಂಡಕ್ಕೆ ಹಾಕುವ ಬೆಲ್ಟಿನ ಕೆಳಗೆ ತೊಗಟೆ ಕಿತ್ತುಬಾರದಂತೆ ಮಾಡುವ ಉಪಾಯವನ್ನೂ ಹಾಗೆಯೇ ಬಿಟ್ಟಿದ್ದೇನೆ, ಸ್ಥಳಕ್ಕೆ ಬಂದವರಿಗೆ ಕಾಣದೆ ಇರದು.

ಐದು ತಿಂಗಳ ಕಾಯುವಿಕೆಯಲ್ಲಿ ಅಪಾಯವೂ ಇದೆ. ಅರ್ಧ ಬೇರು ಕಡಿದು ನಿಲ್ಲಿಸಿದ ಮರಕ್ಕೆ ಏಪ್ರಿಲ್–ಮೇ ತಿಂಗಳ ಗಾಳಿಮಳೆಯೇ ಯಮ. ಒಂದು ಗುಲ್‌ಮೊಹರ್ ಮೂರು ಕಡೆಯ ಹಗ್ಗ ಬಿಗಿದಿದ್ದರೂ ಸಂಜೆಯ ಬಿರುಗಾಳಿಗೆ ಬುಡಸಮೇತ ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಒರಗಿತು. ಗೋಡೆ ಕಟ್ಟಿಸಿಕೊಡಲು 60 ಸಾವಿರದಷ್ಟು ಹೋಯಿತು. ಅಂದಿನಿಂದ ಗುಲ್‌ಮೊಹರನ್ನು ಒಪ್ಪಿಕೊಳ್ಳುವುದಿಲ್ಲ, ಅದರ ಕಟ್ಟಿಗೆಯೇ ದುರ್ಬಲ. ಇನ್ನು ಐದಾರು ಹೊಂಗೆಗಳು ಸತ್ತದ್ದು ಬಾಯಾರಿ. ಹೊಸ ಜಾಗದಲ್ಲಿ ನೀರಿನ ಹೊಣೆ ಹೊತ್ತಿದ್ದವರು ಮೊದಲ ಮಳೆಗಾಲ ಮುಗಿದೊಡನೆ ಟ್ಯಾಂಕರ್ ನಿಲ್ಲಿಸಿದರು, ನಮಗೆ ತಿಳಿಯುವಷ್ಟರಲ್ಲಿ ಫೆಬ್ರವರಿ ಬಂದಿತ್ತು. ಮಳೆಮರಗಳಲ್ಲಿ ಕೆಲವು ಉಳಿದವು, ಕೆಲವು ಹೋದವು. ಏಕೆಂದು ಖಚಿತವಾಗಿ ಹೇಳಲಾರೆ. ಆಲ, ಅರಳಿ, ಅತ್ತಿ, ಗೋಣಿ ಮರಗಳಲ್ಲಿ ಮಾತ್ರ ಒಂದೂ ಹೋಗಲಿಲ್ಲ.

ಹಣದ ವಿಷಯಕ್ಕೆ ಬರುತ್ತೇನೆ. ಏಳಡಿ ಅಗಲ, ನಾಲ್ಕಡಿ ಆಳದ ಬೇರುಗಡ್ಡೆ, ಅಂದರೆ ಬೇರಿನೊಂದಿಗೆ ಏಳುವ ಮಣ್ಣಿನ ಉಂಡೆ, ನಮ್ಮ ಕೆಂಪು ಗರಸು ಮಣ್ಣಿನಲ್ಲಿ ಐದಾರು ಟನ್ ತೂಗುತ್ತದೆ, ಕಾಂಡ ಸೇರಿದರೆ ಎಂಟರ ಹತ್ತಿರ ಬರುತ್ತದೆ. 14 ಟನ್ನಿನ ಹೈಡ್ರಾ (ಸಣ್ಣ ಕ್ರೇನ್) ಸಾಕೆಂದು ಕರೆಸುವವರಿದ್ದಾರೆ, ಆದರೆ ಆ 14 ಎನ್ನುವುದು ಬೂಮ್ ಒಳಗೆಳೆದುಕೊಂಡಿದ್ದಾಗಿನ ಲೆಕ್ಕ. ಚರಂಡಿ ದಾಟಿಸಿ ಕೈ ಚಾಚಿದರೆ ಅದರ ಅರ್ಧವೂ ಏಳುವುದಿಲ್ಲ. ಆಗ ಗಡ್ಡೆಯ ಮಣ್ಣನ್ನು ಅಲ್ಲೇ ಒದೆದು ಉದುರಿಸುತ್ತಾರೆ, ಮರ ಅಲ್ಲಿಗೇ ಮುಗಿಯಿತು. ಮೊದಲೇ ಕೊಯ್ದಿಟ್ಟ ಗಡ್ಡೆಯೊಳಗೆ ಎಳೆ ಬೇರು ತುಂಬಿಕೊಂಡು ಮಣ್ಣನ್ನು ಹಿಡಿದಿರುವುದರಿಂದ ನಾವು ಒಂದಡಿ ಕಡಿಮೆ ಅಗಲಕ್ಕೆ ಇಳಿಯಲು ಸಾಧ್ಯವಾಯಿತು. ಅಷ್ಟಕ್ಕೇ ಗಡ್ಡೆಯ ತೂಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ದೊಡ್ಡ ಕ್ರೇನನ್ನು ಒಂದೇ ದಿನ ಬಾಡಿಗೆಗೆ ತಂದು ಸರದಿಯಲ್ಲಿ ನಾಲ್ಕೈದು ಮರ ಎತ್ತಿಸಿದೆವು. ಎಲ್ಲ ಸೇರಿ ಮರವೊಂದಕ್ಕೆ 40 ಸಾವಿರದ ಆಸುಪಾಸು ಬಿತ್ತು, ಅದರಲ್ಲಿ ಮೂರನೆಯ ಒಂದು ಭಾಗ ಎರಡು ಬೇಸಿಗೆಯ ಟ್ಯಾಂಕರ್ ನೀರಿನದು. ಪೇಟೆಯಲ್ಲಿ 20 ಸಾವಿರಕ್ಕೂ ಮಾಡಿಕೊಡುವವರಿದ್ದಾರೆ. ಉಳಿದ ಮರದ ಲೆಕ್ಕದಲ್ಲಿ ಭಾಗಿಸಿ ನೋಡಿದರೆ ಅಗ್ಗ ಯಾವುದೆಂದು ತಿಳಿಯುತ್ತದೆ. ಇನ್ನೊಂದು ಮಾತು: 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗೆ ಕೊಡುವ ಅರ್ಜಿಯನ್ನು ಟೆಂಡರ್ ಆದ ಮೇಲೆ ಕೊಡುವುದಕ್ಕಿಂತ ಸರ್ವೆ ನಡೆಯುವಾಗಲೇ ಕೊಡಿಸಿದರೆ ಈ ಐದು ತಿಂಗಳು ತಾನಾಗಿ ಸಿಗುತ್ತದೆ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಹೊಸ ಗುಂಡಿಗೆ ತೆಂಗಿನ ನಾರಿನ ಪುಡಿ ಹೆಚ್ಚು ಹಾಕಿದ ಎರಡು ಮರಗಳ ಬೇರು ನೀರು ನಿಂತು ಕೊಳೆಯತೊಡಗಿತು. ಈಗ ಅದರ ಬದಲು ಜಲ್ಲಿ ತುಂಬಿದ ನಾಲ್ಕಿಂಚಿನ ತೂತು ಪೈಪುಗಳನ್ನು ಇಳಿಬಿಡುತ್ತೇನೆ, ನೀರೂ ಗಾಳಿಯೂ ಅದರಲ್ಲೇ ಹೋಗುತ್ತದೆ. ಜೀವಾಮೃತ (ಸೆಗಣಿ, ಗಂಜಲದ ದ್ರವಗೊಬ್ಬರ) ಕೊಟ್ಟ ಮರಕ್ಕೂ ಕೊಡದ ಮರಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಉತ್ತರ ದಿಕ್ಕಿಗೆ ಬಣ್ಣದ ಗುರುತು ಹಾಕಿ ಅದೇ ದಿಕ್ಕಿಗೆ ನೆಟ್ಟ ಮರಗಳ ತೊಗಟೆ ಬಿಸಿಲಿಗೆ ಸೀಳಿದ್ದು ಕಡಿಮೆ. ಸವರಿ ಹಾಕಿದ ಗೋಣಿ, ಆಲದ ಕೊಂಬೆಗಳನ್ನು ಸುಮ್ಮನೆ ಬಿಸಾಡಲು ಮನಸ್ಸಾಗದೆ, ನಮ್ಮ ಹಿರಿಯರು ಸಾಲುಮರಕ್ಕೆ ಮಾಡುತ್ತಿದ್ದಂತೆ ಎಂಟಡಿಯ ಗೂಟಗಳನ್ನು ಕಡಿದು, ಮೇಲ್ತುದಿಗೆ ಸೆಗಣಿ ಮೆತ್ತಿ ಕೆರೆಯ ಏರಿಯ ಪಕ್ಕ ನೆಟ್ಟೆವು. ಹತ್ತಿರ ಹತ್ತಿರ ಅರ್ಧದಷ್ಟು ಬೇರು ಬಿಟ್ಟಿವೆ, ಖರ್ಚು ಕೂಲಿಯಷ್ಟೇ.

ಬಲಿತ ಹಲಸು, ಮಾವು, ಸಂಪಿಗೆಗಳನ್ನು ಎತ್ತಿಕೊಡಿ ಎಂದು ಈಗಲೂ ಕೇಳುತ್ತಾರೆ. ನಾನು ಮುಟ್ಟುವುದಿಲ್ಲ. ಈಚೆಗೆ ಒಂದು ಅಂದಾಜುಪಟ್ಟಿಯಲ್ಲಿ ಎರಡು ಹಲಸಿನ ಮರಗಳ ಮುಂದೆ ನನ್ನ ದರ ಬರೆಯುವ ಬದಲು, ಚರಂಡಿಯನ್ನು ಅಲ್ಲಿ ಮೂರಡಿ ಬಳಸಿ ಒಯ್ಯಲು ಎಷ್ಟು ಬೀಳಬಹುದೆಂದು ಮೇಸ್ತ್ರಿಯನ್ನು ಕೇಳಿ ಬರೆದುಕೊಟ್ಟೆ. ಅದು ನನ್ನ ದರದ ಅರ್ಧಕ್ಕೂ ಕಡಿಮೆ ಇತ್ತು. ಚರಂಡಿ ಬಳಸಿ ಹೋಯಿತು, ಹಲಸು ಇದ್ದಲ್ಲೇ ಇವೆ, ಆ ಕೆಲಸದಿಂದ ನನಗೆ ಬಿಡಿಗಾಸೂ ಬರಲಿಲ್ಲ.