ಇಸ್ರೇಲಿಗೆ ಬರುವ ಮಂಗಳೂರು, ಉಡುಪಿಯವರಿಗೆ: ಸೈರನ್ ಮತ್ತು ಅದರ ಆಚೆಗೆ

ಊರಿನಿಂದ ಕೇರ್‌ಗಿವರ್ ಕೆಲಸಕ್ಕೆ ಬರುವವರು ಸಂಬಳ, ವೀಸಾ ಎಲ್ಲ ವಿಚಾರಿಸಿಕೊಂಡೇ ಬರುತ್ತೀರಿ. ಮನೆಗೆ ಕಾಲಿಟ್ಟ ದಿನವೇ ಇನ್ನೊಂದು ವಿಷಯ ಕೇಳಿ: ಮಮಾದ್ ಎಲ್ಲಿದೆ? ರಾಕೆಟ್ ದಾಳಿಯಾದಾಗ ಆಶ್ರಯ ಪಡೆಯುವ, ದಪ್ಪ ಕಾಂಕ್ರೀಟ್ ಗೋಡೆಯ, ಕಬ್ಬಿಣದ ಬಾಗಿಲಿನ ಕೋಣೆ ಅದು. 1991ರ ಕೊಲ್ಲಿ ಯುದ್ಧದಲ್ಲಿ ಸ್ಕಡ್ ಕ್ಷಿಪಣಿಗಳು ಬಿದ್ದ ಮೇಲೆ ಹೊಸ ಮನೆಗಳಿಗೆ ಕಡ್ಡಾಯವಾಯಿತು. ಹಳೇ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಹಾಗಿದ್ದರೆ ನೀವು ನೋಡಿಕೊಳ್ಳುವ ಅಜ್ಜಿಯನ್ನು ವೀಲ್‌ಚೇರ್‌ನಲ್ಲಿ ಕೂರಿಸಿ ಹತ್ತಿರದ ಶೆಲ್ಟರ್ ತನಕ ಒಮ್ಮೆ ಹೋಗಿ ನೋಡಿ. ಗಾಜಾದಿಂದ ರಾಕೆಟ್ ಬಂದರೆ ಸೈರನ್ ಕೂಗಿದ ಮೇಲೆ ಟೆಲ್ ಅವೀವ್‌ನಲ್ಲಿ ಸಿಗುವುದು 90 ಸೆಕೆಂಡು, ಗಾಜಾ ಗಡಿಯ ಪಕ್ಕದ ಸ್ದೆರೋತ್‌ನಲ್ಲಿ 15. ಅಷ್ಟರಲ್ಲಿ ಮುಟ್ಟಲಾಗದಿದ್ದರೆ ಕಿಟಕಿಯಿಲ್ಲದ ಒಳಗಿನ ಜಾಗ ಈಗಲೇ ಗೊತ್ತು ಮಾಡಿಕೊಳ್ಳಿ. 2021ರ ಮೇ ತಿಂಗಳಲ್ಲಿ ಅಷ್ಕೆಲೋನ್‌ನಲ್ಲಿ ರಾಕೆಟ್ ಬಿದ್ದು ತೀರಿಕೊಂಡವರಲ್ಲಿ ಕೇರಳದ ಕೇರ್‌ಗಿವರ್ ಒಬ್ಬರಿದ್ದರು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ದಾಳಿಯಾದ ಮೇಲೂ ಇಲ್ಲಿನವರು ಬೇಗನೆ ಕೆಲಸಕ್ಕೆ ಮರಳುತ್ತಾರೆ. 2001ರ ಆಗಸ್ಟ್‌ನಲ್ಲಿ ಆತ್ಮಾಹುತಿ ಬಾಂಬ್ ಸಿಡಿದ ಜೆರುಸಲೇಮಿನ ಸ್ಬಾರೋ ಪಿಜ್ಜಾ ಹೋಟೆಲು ಸುಮಾರು ಒಂದು ತಿಂಗಳಲ್ಲಿ ಮತ್ತೆ ತೆರೆಯಿತು. ಇದನ್ನು ಕಲ್ಲುಮನಸ್ಸು ಎಂದುಕೊಳ್ಳಬೇಡಿ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಮಂದಿಯನ್ನು ಒತ್ತೆಯಾಳುಗಳಾಗಿ ಒಯ್ದರು. ಚಿಕ್ಕ ದೇಶ, ನಿಮ್ಮ ಅಜ್ಜಿಗೆ ಅವರಲ್ಲಿ ಯಾರದೋ ಪರಿಚಯ ಇರಬಹುದು. ಅವರಾಗಿ ಹೇಳಿದರೆ ಕುಳಿತು ಕೇಳಿ, ಕೆದಕಬೇಡಿ. ವರ್ಷಕ್ಕೊಮ್ಮೆ, ಯುದ್ಧ ಮತ್ತು ದಾಳಿಗಳಲ್ಲಿ ಸತ್ತವರ ಸ್ಮರಣ ದಿನ ಬೆಳಿಗ್ಗೆ 11ಕ್ಕೆ ಎರಡು ನಿಮಿಷ ಸೈರನ್ ಕೂಗುತ್ತದೆ. ಹೆದ್ದಾರಿಯಲ್ಲೇ ಕಾರು ನಿಲ್ಲಿಸಿ, ಇಳಿದು ನಿಲ್ಲುತ್ತಾರೆ. ಆ ಸೈರನ್ ಏರಿಳಿತವಿಲ್ಲದೆ ಒಂದೇ ಸಮನೆ ಕೂಗುತ್ತದೆ. ದಾಳಿಯದ್ದು ಏರುತ್ತಾ ಇಳಿಯುತ್ತಾ ಬರುತ್ತದೆ. ಮೊದಲನೆಯದಕ್ಕೆ ಓಡಬೇಡಿ, ನೀವೂ ಎದ್ದು ನಿಲ್ಲಿ.

ಈ ದೇಶದ ಐವರಲ್ಲಿ ಒಬ್ಬರು ಅರಬ್ಬರು. ಆಸ್ಪತ್ರೆಯ ನರ್ಸು, ಮೆಡಿಕಲ್ ಶಾಪಿನವರು, ಬಸ್ ಡ್ರೈವರ್ ಹೀಗೆ ದಿನಾ ಸಿಗುತ್ತಾರೆ. ರಾಕೆಟ್ ಅವರ ಮನೆ ಮೇಲೂ ಬೀಳುತ್ತದೆ. ಯಾರೋ ಮಾಡಿದ್ದಕ್ಕೆ ಇಡೀ ಸಮುದಾಯವನ್ನು ಅನುಮಾನದಿಂದ ನೋಡಿದರೆ ಏನಾಗುತ್ತದೆಂದು ಕರಾವಳಿಯವರಾದ ನಮಗೆ ಚೆನ್ನಾಗಿ ಗೊತ್ತು. ಆ ತರದ ವಾಟ್ಸ್ಆ್ಯಪ್ ಮೆಸೇಜುಗಳನ್ನು ದಯವಿಟ್ಟು ಊರಿಗೆ ಕಳಿಸಬೇಡಿ. ದಾಳಿಯಾದರೆ "ಹುಷಾರಾಗಿದ್ದೇನೆ" ಎಂದಷ್ಟೇ ಅಮ್ಮನಿಗೆ ತಿಳಿಸಿ, ಟಿವಿಯವರಿಗಿಂತ ಮೊದಲು.

ಕಾನೂನುಬದ್ಧವಾಗಿ ಬಂದು ದಾಳಿಯಲ್ಲಿ ಗಾಯಗೊಂಡ ವಿದೇಶಿ ಕೆಲಸಗಾರರಿಗೂ 1970ರ ಕಾನೂನಿನಡಿ ಚಿಕಿತ್ಸೆ, ಪರಿಹಾರ ಉಂಟು. ಕೊಡುವುದು ರಾಷ್ಟ್ರೀಯ ವಿಮಾ ಸಂಸ್ಥೆ, ಬಿತುವಾಹ್ ಲೇಉಮಿ. ಮನಸ್ಸಿಗಾದ ಆಘಾತವೂ ಅದರಲ್ಲಿ ಸೇರುತ್ತದೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ತೋರಿಸಿ, ಚೀಟಿಗಳನ್ನು ಪಾಸ್‌ಪೋರ್ಟ್ ನಕಲಿನ ಜೊತೆ ಜೋಪಾನವಾಗಿಡಿ.